ದಧಿವ್ರತದ ಡಬ್ಬಿಗಳು

ನಮ್ಮ ಭುಜಂಗ ಕಾಕಾ ಊಟ ಮಾಡಿಯೇ ಸಂಸಾರ ಸಾಗಿಸಿದವರು. ಹೀಗೆಂದರೆ ಯಾರಾದರೂ ನಗುತ್ತಾರೆ, ಚಿಕ್ಕವಳಿದ್ದಾಗ ನಾನೂ ನಗುತ್ತಿದ್ದೆ. ಕಾಕಾ ನನ್ನ ಅಪ್ಪನ ತಮ್ಮ. ಸವಣೂರಿನಿಂದ ಪುಣೆಗೆ ಬಂದು ಮೂವತ್ತು ವರ್ಷ ಬಿಬವೇವಾಡಿಯ ಎರಡು ಕೋಣೆಯ ಮನೆಯಲ್ಲಿದ್ದುಕೊಂಡು ಬ್ರಾಹ್ಮಣಾರ್ಥಕ್ಕೆ ಹೋಗುತ್ತಿದ್ದರು. ಅಂದರೆ, ಯಾರ ಮನೆಯಲ್ಲಾದರೂ ತಂದೆಯದೋ ತಾಯಿಯದೋ ಶ್ರಾದ್ಧವಿದ್ದರೆ ತೀರಿಕೊಂಡವರ ಹೆಸರಿನಲ್ಲಿ ಎಲೆಯ ಮುಂದೆ ಕೂತು ಉಣ್ಣುವುದು. ಅವರು ಉಂಡದ್ದು ಹೋದವರಿಗೆ ಮುಟ್ಟುತ್ತದೆ ಎಂಬ ನಂಬಿಕೆ. ಧಾರವಾಡ, ಬಾಗಲಕೋಟೆ ಕಡೆಯಿಂದ ಬಂದು ಪುಣೆಯ ಬ್ಯಾಂಕು, ಆಫೀಸುಗಳಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡ ನಮ್ಮ ಜನಕ್ಕೆಲ್ಲ ಭುಜಂಗಾಚಾರ್ರೇ ಬೇಕು.

ಯಾಕೆಂದರೆ ಕಾಕಾ ನಿಯಮ ಬಿಟ್ಟವರಲ್ಲ. ಆ ಎಲೆಯ ಮುಂದೆ ಕೂತ ಮೇಲೆ ಮಾತಾಡಬಾರದು. ಅದು ಚೆನ್ನಾಗಿದೆ, ಇದು ಬೇಕು ಅನ್ನಬಾರದು. ನಡುವೆ ಏಳುವಂತಿಲ್ಲ. ಮೈಯಲ್ಲಿ ಎಲ್ಲಿಯೂ ರಕ್ತ ಒಸರುತ್ತಿರಬಾರದು. ಕ್ಷೌರದ ಗಾಯವಾದರೂ ಆ ದಿನ ಕೂಡುವುದಿಲ್ಲ ಎಂದು ಹೇಳಿಕಳಿಸುತ್ತಿದ್ದರು. ಕೊನೆಗೆ ಯಜಮಾನ ಕೈಮುಗಿದು "ತೃಪ್ತಾಃ ಸ್ಥ?" ಎಂದು ಕೇಳುತ್ತಾನೆ, ತೃಪ್ತಿಯಾಯಿತೇ ಎಂದು. ಕಾಕಾ "ತೃಪ್ತಾಃ ಸ್ಮಃ" ಅನ್ನುತ್ತಾರೆ. ಆ ರಾತ್ರಿ ಮತ್ತೆ ಊಟವಿಲ್ಲ.

ಇಂಥವರಿಗೆ ದೊಡ್ಡ ಕರುಳಿನ ರೋಗ ಬಂತು. ಬೇರೆ ಯಾವುದಾದರೂ ರೋಗ ಬರಬಾರದಿತ್ತೇ ಎಂದು ನನಗೆ ಆಗಲೂ ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ.

ಎರಡು ವರ್ಷದ ಹಿಂದಿನ ಮಾತು. ನಸುಕಿನಲ್ಲೇ ಎದ್ದು ಕಾಕಾ ಒಂದರ ಮೇಲೊಂದು ಧೋತರ ಒಗೆಯುತ್ತಿರುವುದನ್ನು ಅವರ ಹೆಂಡತಿ ತ್ರಿವೇಣಿ ಕಾಕು ನೋಡಿದಳು. ಮಡಿಯ ಬಟ್ಟೆಯನ್ನು ಅವರೇ ಒಗೆಯುವ ರೂಢಿ, ಅದಕ್ಕೇನು ಅಂದುಕೊಂಡಳು. ಆಮೇಲೆ ಒಂದು ಧೋತರದಲ್ಲಿ ರಕ್ತದ ಕಲೆ ಕಂಡಳು, ಗೋಪಿಚಂದನದ ಮುದ್ರೆ ಹಚ್ಚಿಕೊಳ್ಳುವಾಗ ಎದೆಯ ಎಲುಬು ಕಾಣತೊಡಗಿದವು. ನನಗೆ ಫೋನ್ ಮಾಡಿದಳು. ಅವರಿಗೆ ಮಕ್ಕಳಿಲ್ಲ, ಮಗಳು ಅಂದರೂ ನಾನೇ, ಬೈಯಿಸಿಕೊಳ್ಳುವವಳು ಅಂದರೂ ನಾನೇ. ಪುಣೆಯ ಇನ್ನೊಂದು ತುದಿ ನಿಗಡಿಯಲ್ಲಿ ಒಂದು ವಿಮೆ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಆಸ್ಪತ್ರೆಯ ಕಾಗದಗಳನ್ನು ದಿನವೂ ಓದುವವಳಾದ್ದರಿಂದ ಯಾವ ಡಾಕ್ಟರ ಹತ್ತಿರ ಹೋಗಬೇಕೆಂದು ಗೊತ್ತಿತ್ತು.

ಡಾಕ್ಟರ್ ಕೇತಕಿ ಮರಾಠಿಯವರು, ಕರುಳಿನ ರೋಗದ ತಜ್ಞೆ. ದುರ್ಬೀನು ಹಾಕಿ ನೋಡಿ ಅಲ್ಸರೇಟಿವ್ ಕೊಲೈಟಿಸ್ ಎಂದರು. ಕರುಳಿನ ಒಳಗೋಡೆಯ ತುಂಬ ಹುಣ್ಣು. ಮೈಯನ್ನು ಕಾಯಬೇಕಾದ ಶಕ್ತಿಯೇ ತನ್ನ ಗೋಡೆಯನ್ನು ತಾನೇ ಕೆಡವುತ್ತಿದೆ ಎಂದು ವಿವರಿಸಿದರು. ನಮ್ಮ ಹೊಟ್ಟೆಯೊಳಗೆ ಕೋಟ್ಯಂತರ ಬ್ಯಾಕ್ಟೀರಿಯಾ ನಮ್ಮ ಜತೆಗೇ ಉಂಡುಕೊಂಡು ಬದುಕಿರುತ್ತವಂತೆ. ಈ ರೋಗದಲ್ಲಿ ಅವುಗಳಲ್ಲಿ ಒಳ್ಳೆಯವು ಕಡಿಮೆಯಾಗುತ್ತವಂತೆ. ದಿನಾ ಮಾತ್ರೆ ಬರೆದುಕೊಟ್ಟು, ಜತೆಗೆ ಒಂದು ಪ್ರೋಬಯೋಟಿಕ್ ಕ್ಯಾಪ್ಸೂಲ್ ಬರೆದರು.

"ಮಾತ್ರೆ ಮುಖ್ಯ. ಕ್ಯಾಪ್ಸೂಲು ಸಹಾಯಕ್ಕೆ ಮಾತ್ರ. ಕೆಲವರಿಗೆ ಉಪಯೋಗವಾಗುತ್ತದೆ, ಕೆಲವರಿಗೆ ಇಲ್ಲ. ಮಾತ್ರೆ ಒಂದು ದಿನವೂ ತಪ್ಪಬಾರದು, ಗುರುಜಿ," ಎಂದು ಮರಾಠಿಯಲ್ಲಿ ಎರಡು ಸಲ ಹೇಳಿದರು. ನಾನು ಕೇಳಿಸಿಕೊಂಡೆ, ಕಾಕಾ ಕೇಳಿಸಿಕೊಂಡರು.

ಮನೆಗೆ ಬಂದ ಮೇಲೆ ಶುರುವಾಯಿತು. ಕಾಕಾ ಕ್ಯಾಪ್ಸೂಲಿನ ಬಾಟ್ಲಿಯನ್ನು ಬೆಳಕಿಗೆ ಹಿಡಿದು ಕೇಳಿದರು, "ಸಪ್ನಾ, ಇದರೊಳಗ ಏನದ?"

"ಬ್ಯಾಕ್ಟೀರಿಯಾ ಕಾಕಾ. ಒಳ್ಳೇವು."

"ಜೀವ ಇದ್ದವೋ, ಸತ್ತವೋ?"

"ಜೀವ ಇದ್ದವs."

"ಜೀವ ಇದ್ದದ್ದನ್ನ ನಾ ನುಂಗಂಗಿಲ್ಲ. ನಾಳೆ ಇನ್ನೊಬ್ಬರ ಪಿತೃಗಳ ಎಲಿ ಮುಂದ ಕೂಡಾಂವ ನಾನು."

ನನಗೆ ನಿಗಡಿಯ ಬಸ್ಸು ತಪ್ಪುತ್ತಿತ್ತು. ಸಂಜೆಯ ಸ್ವಾರಗೇಟ್ ಬಸ್‌ಸ್ಟ್ಯಾಂಡಿನ ಗದ್ದಲ ನೆನೆಸಿಕೊಂಡೇ ತಲೆ ಸಿಡಿಯುತ್ತಿತ್ತು. ಇವರಿಗೆ ತಿಳಿಸಿ ಹೇಳುತ್ತ ಕೂಡಲು ಯಾರಿಗೆ ಪುರುಸೊತ್ತಿದೆ ಅನ್ನಿಸಿತು. "ಕಾಕಾ, ಅದು ಮೊಸರು ಅಂತ ತಿಳೀರಿ," ಅಂದೆ. "ಮೊಸರಿನಾಗೂ ಇಂಥಾವೇ ಇರ್ತಾವ. ದಿನಾ ಉಣ್ಣೂದಿಲ್ಲೇನು? ಇದು ಮೊಸರs."

"ಮೊಸರು," ಅಂದರು ಕಾಕಾ. ಬಾಟ್ಲಿ ಕೆಳಗಿಟ್ಟರು. "ಮೊಸರಾದರ ಆತು."

ಕ್ಯಾಪ್ಸೂಲಿನ ಹೊರಗವಚ ಪ್ರಾಣಿಯಿಂದ ಮಾಡಿದ್ದಲ್ಲ ಎಂದು ಔಷಧದ ಅಂಗಡಿಯವನಿಂದ ಚೀಟಿ ಬರೆಸಿಕೊಂಡು ಬಂದು, ಮರುದಿನದಿಂದ ನುಂಗತೊಡಗಿದರು. ನಾನು ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಆರೆಂಟು ತಿಂಗಳ ಮೇಲೆ, ಮರೆಯಬಾರದೆಂದು, ಏಳು ಮನೆಗಳಿರುವ ಪ್ಲಾಸ್ಟಿಕ್ ಡಬ್ಬಿಗಳನ್ನು ತಂದೆ. ಒಂದೊಂದು ಮನೆಯಲ್ಲಿ ಒಂದು ದಿನದ ಮಾತ್ರೆ, ಕ್ಯಾಪ್ಸೂಲು ಎಲ್ಲ ಒಟ್ಟಿಗೆ. ವಾರಕ್ಕೊಂದರಂತೆ ನಾಲ್ಕು ಡಬ್ಬಿ. ತಿಂಗಳಿಗೊಮ್ಮೆ ಬಂದು ನಾಲ್ಕನ್ನೂ ತುಂಬಿಟ್ಟು ಹೋಗುತ್ತಿದ್ದೆ. ರಕ್ತ ನಿಂತಿತು. ಕಾಕಾನ ಗಲ್ಲ ತುಂಬಿಕೊಂಡವು. ಒಂದೂವರೆ ವರ್ಷ ನಾವು ಆ ರೋಗದ ಹೆಸರನ್ನೇ ಎತ್ತಲಿಲ್ಲ.

ಹೋದ ವರ್ಷ ಶ್ರಾವಣದ ಕೊನೆಗೆ ಫೋನ್ ಮಾಡಿ, ಡಬ್ಬಿ ತುಂಬಲು ಭಾನುವಾರ ಬರುತ್ತೇನೆ ಅಂದೆ. ಕಾಕಾ ಅಂದರು, "ಡಬ್ಬಿ ಇನ್ನೂ ತುಂಬಿ ಅವ. ಮಳ್ಯಾಗ ಬರೂದು ಬ್ಯಾಡ ತಂಗಿ."

ತಿಂಗಳು ಕಳೆದ ಮೇಲೂ ಡಬ್ಬಿ ತುಂಬಿರುವುದು ಹೇಗೆ? ಇದು ನನಗೆ ಹೊಳೆಯಲಿಲ್ಲ. ಭಾನುವಾರದ ನಿದ್ದೆ ಉಳಿಯಿತಲ್ಲ ಎಂದು ಸಂತೋಷಪಟ್ಟೆ. ಆ ಸಂತೋಷವನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಪಿತೃಪಕ್ಷ ಬಂತು. ಹದಿನೈದು ದಿನ ಕಾಕಾನಿಗೆ ದಿನಕ್ಕೊಂದು ಮನೆ. ಏಳನೆಯ ದಿನ ಶ್ಯಾಮರಾಯರ ಮನೆ. ಅವರು ಬ್ಯಾಂಕಿನಿಂದ ನಿವೃತ್ತರಾದವರು, ಅದೇ ಬಿಬವೇವಾಡಿಯಲ್ಲಿ ಇರುವವರು. ಆ ಮಧ್ಯಾಹ್ನ ನಡೆದದ್ದನ್ನು ಅವರೇ ನನಗೆ ಆಮೇಲೆ ಹೇಳಿದರು. ಕಾಕಾನ ಮುಖ ಬೆವರುತ್ತಿತ್ತಂತೆ. ಪಾಯಸದ ಹೊತ್ತಿಗೆ ಕಣ್ಣು ಮುಚ್ಚಿಕೊಂಡರಂತೆ. ಏಳುತ್ತೀರಾ ಎಂದು ಸನ್ನೆ ಮಾಡಿದರೆ ಇಲ್ಲವೆಂದು ತಲೆ ಅಲ್ಲಾಡಿಸಿದರಂತೆ. ತೃಪ್ತಾಃ ಸ್ಥ ಎಂದು ಕೇಳುವವರೆಗೂ ಕೂತಿದ್ದು, ತೃಪ್ತಾಃ ಸ್ಮಃ ಎಂದು ಪೂರ್ತಿ ಅಂದು, ಕೈತೊಳೆಯಲು ಎದ್ದವರು ಅಲ್ಲೇ ಗೋಡೆ ಹಿಡಿದು ಕುಸಿದರು. ಮಣೆಯ ಮೇಲೆ ರಕ್ತವಿತ್ತು.

ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸಲೈನ್ ಹಚ್ಚಿದ್ದರು. ಮಡಿಧೋತರದ ಬದಲು ಹಸಿರು ಗೌನಿನಲ್ಲಿ ಕಾಕಾ ಯಾರೋ ಬೇರೆಯವರ ಹಾಗೆ ಕಂಡರು. ಕಾಕು ಹಾಸಿಗೆಯ ಕಾಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದಳು.

ಡಾಕ್ಟರ್ ಕೇತಕಿ ಬಂದರು. "ಗುರುಜಿ, ಗೋಳ್ಯಾ ರೋಜ ಘೇತಾ ನಾ?" ಎಂದು ಕೇಳಿದರು, ಮಾತ್ರೆ ದಿನಾ ತೆಗೆದುಕೊಳ್ಳುತ್ತೀರಲ್ಲ ಎಂದು. ಕಾಕಾ ಹೌದೆಂದು ಗೋಣು ಹಾಕಿದರು. ನಾನೂ ಹೌದೆಂದೆ, ಡಬ್ಬಿ ನಾನೇ ತುಂಬುತ್ತೇನೆ ಅಂದೆ.

ಡಾಕ್ಟರು ನನ್ನನ್ನು ಹೊರಗೆ ಕರೆದರು. ಪೂರ್ತಿ ಮಾತ್ರೆ ತೆಗೆದುಕೊಳ್ಳುತ್ತಿರುವಾಗಲೇ ಇಷ್ಟು ಜೋರಾಗಿ ತಿರುಗಿ ಬಿದ್ದಿದೆ ಎಂದರೆ ಔಷಧ ಸೋತಿದೆ ಎಂದೇ ಅರ್ಥ ಅಂದರು. ಮೂರು ದಿನ ಸ್ಟಿರಾಯ್ಡ್ ಸಲೈನ್ ಕೊಟ್ಟು ನೋಡುತ್ತಾರೆ. ದಿನಕ್ಕೆ ಎಷ್ಟು ಸಲ ಸಂಡಾಸಿಗೆ ಹೋಗುತ್ತಾರೆ, ಎಷ್ಟು ರಕ್ತ ಎಂದು ಗಮನಿಸಬೇಕು. ಇಳಿಯದಿದ್ದರೆ ಗುರುವಾರ ಸರ್ಜನ್ ಬಂದು ನಿರ್ಧರಿಸುತ್ತಾರೆ. ದೊಡ್ಡ ಕರುಳನ್ನು ತೆಗೆದು, ಮಲಕ್ಕೆ ಹೊಟ್ಟೆಯ ಹೊರಗೆ ಚೀಲ ಕೂಡಿಸಬೇಕಾಗಬಹುದು.

ಆ ಆಪರೇಶನ್ನಿನ ಹೆಸರು ನಾನು ಆಫೀಸಿನಲ್ಲಿ ನೂರು ಸಲ ಕಾಗದದ ಮೇಲೆ ಓದಿದ್ದೇನೆ. ಓದಿ ಸಹಿ ಹಾಕಿ ಚಹಾ ಕುಡಿಯಲು ಹೋಗಿದ್ದೇನೆ. ಈಗ ಕಾರಿಡಾರಿನಲ್ಲಿ ನಿಂತು ಅದನ್ನು ಕೇಳಿದಾಗ ಡಾಕ್ಟರಿಂದ ಎರಡು ಸಲ ಹೇಳಿಸಿಕೊಂಡೆ. ಹೊಟ್ಟೆಗೆ ಚೀಲ ಕಟ್ಟಿಸಿಕೊಂಡ ಕಾಕಾ ಮತ್ತೆ ಯಾರ ಎಲೆಯ ಮುಂದೆ ಕೂತಾರು? ಅದಕ್ಕಿಂತ, ಆ ಆಪರೇಶನ್ ತಾಳಿಕೊಂಡು ಬದುಕಿಯಾದರೂ ಬಂದಾರೇ? ಮೈಯಲ್ಲಿ ಏನು ಉಳಿದಿತ್ತು ಅವರಿಗೆ.

ಎಷ್ಟು ಸಲ ಎಂದು ನೆನಪಿಡುವ ಕೆಲಸ ಕಾಕುವಿನದಾಯಿತು. ಅವಳಿಗೆ ಬರೆದಿಡುವುದು ಒಗ್ಗದು. ಚಾತುರ್ಮಾಸ್ಯದಲ್ಲಿ ಹೂಬತ್ತಿ ಹೊಸೆಯುವವಳು, ಚೀಲದಲ್ಲಿ ಹತ್ತಿ ಇದ್ದೇ ಇತ್ತು. ಕಾಕಾ ಒಂದು ಸಲ ಹೋಗಿ ಬಂದರೆ ಒಂದು ಬತ್ತಿ ಹೊಸೆದು ಸ್ಟೀಲಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಮೊದಲ ದಿನ ಹದಿನಾಲ್ಕು ಬತ್ತಿ. ಎರಡನೆಯ ದಿನವೂ ಹದಿನಾಲ್ಕು. ನರ್ಸ್ ಕೇಳಿದಾಗ ಕಾಕು ಆ ಡಬ್ಬಿಯನ್ನೇ ಅವಳ ಮುಂದೆ ಹಿಡಿಯುತ್ತಿದ್ದಳು, ಬಾಯಿಂದ ಅಂಕಿ ಹೇಳಲು ಅವಳಿಗೆ ಅಂಜಿಕೆ.

ಎರಡನೆಯ ದಿನ ಸಂಜೆ ಕಾಕಾ ಕಣ್ಣು ಹತ್ತಿ ಮಲಗಿದ್ದಾಗ ಕಾಕು ನನ್ನ ಕೈ ಹಿಡಿದಳು.

"ಸಪ್ನಾ, ಒಂದು ಮಾತು ಹೇಳ್ತೀನಿ, ಬೈಬ್ಯಾಡ. ಅವರು ಒಂದು ತಿಂಗಳು ಗುಳಿಗಿ ತಗೊಂಡಿಲ್ಲ."

"ಏನಂದಿ?"

"ದಧಿವ್ರತ ಇತ್ತಲ್ಲ."

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳು ನಾಲ್ಕು ವ್ರತ. ಮೊದಲ ತಿಂಗಳು ಕಾಯಿಪಲ್ಲೆ ಬಿಡಬೇಕು, ಎರಡನೆಯ ತಿಂಗಳು ಮೊಸರು, ಮೂರನೆಯದರಲ್ಲಿ ಹಾಲು, ಕೊನೆಯದರಲ್ಲಿ ಬೇಳೆಕಾಳು. ಮೊಸರು ಬಿಡುವ ತಿಂಗಳು ದಧಿವ್ರತ. ಎಲ್ಲರೂ ಇಷ್ಟು ಕಟ್ಟುನಿಟ್ಟಾಗಿ ಮಾಡುವುದಿಲ್ಲ, ಕಾಕಾ ಮಾಡುತ್ತಾರೆ. ಕ್ಯಾಪ್ಸೂಲು ಮೊಸರು ಎಂದು ಹೇಳಿದವಳು ನಾನು. ಮೊಸರಾದ ಮೇಲೆ ವ್ರತದಲ್ಲಿ ಅದು ನಡೆಯದು. ಆ ಮೊದಲಿನ ಶ್ರಾವಣದಲ್ಲೂ ಹಾಗೇ ಕ್ಯಾಪ್ಸೂಲು ಬಿಟ್ಟಿದ್ದರಂತೆ. ಆಗಿನ್ನೂ ನನ್ನ ಡಬ್ಬಿಗಳು ಬಂದಿರಲಿಲ್ಲ, ಮಾತ್ರೆ ಬೇರೆ ಬಾಟ್ಲಿಯಲ್ಲಿತ್ತು, ಅದನ್ನು ನುಂಗಿದ್ದರು, ಏನೂ ಆಗಿರಲಿಲ್ಲ. ಈ ಸಲ ನಾನು ಎಲ್ಲವನ್ನೂ ಒಂದೇ ಮನೆಯಲ್ಲಿ ಸೇರಿಸಿ ತುಂಬಿಟ್ಟಿದ್ದೆ. ಮೊಸರು ಮುಟ್ಟಿದ್ದೆಲ್ಲ ಮೊಸರಿನ ಲೆಕ್ಕ. ನಾಲ್ಕು ಡಬ್ಬಿಗಳನ್ನೂ ಹಾಗೇ ಎತ್ತಿ ಕಪಾಟಿನ ಮೇಲಿಟ್ಟುಬಿಟ್ಟಿದ್ದರು. ವ್ರತ ಮುಗಿದ ದಿನ ಇಳಿಸಿ, ಮತ್ತೆ ನಿಷ್ಠೆಯಿಂದ ನುಂಗತೊಡಗಿದ್ದರು. ಅಷ್ಟರಲ್ಲಿ ರಕ್ತ ಶುರುವಾಗಿತ್ತು.

"ಕಾಕಾ ಡಾಕ್ಟರಿಗೆ ಸುಳ್ಳು ಹೇಳಿದ್ರಲ್ಲ ಕಾಕು," ಅಂದೆ.

"ಸುಳ್ಳಲ್ಲ. ತಗೋತೀರೇನು ಅಂತ ಕೇಳಿದ್ರು, ಈಗ ತಗೋತಾರ. ತಗೊಂಡಿದ್ರೇನು ಅಂತ ಯಾರು ಕೇಳಿದ್ರು?" ಕಾಕು ಅಳತೊಡಗಿದಳು. "ನನಗ ಗೊತ್ತಿತ್ತು. ನಾ ಸುಮ್ಮನಿದ್ದೆ. ದೇವರ ವ್ರತಕ್ಕ ಅಡ್ಡ ಬಂದ್ರ ಎಲ್ಲಿ ಕೇಡಾಗ್ತದೋ ಅಂತ ಅಂಜಿದೆ."

ವ್ರತದಲ್ಲಿ ಮೊಸರಿಗಷ್ಟೇ ನಿಷೇಧ, ಕಡೆದ ಮಜ್ಜಿಗೆ ನಡೆಯುತ್ತದೆ. ಆ ದಿನ ಬಸ್ಸಿನ ಗಡಿಬಿಡಿಯಲ್ಲಿ ನಾನು ಮೊಸರು ಅನ್ನುವ ಬದಲು ಮಜ್ಜಿಗೆ ಅಂದಿದ್ದರೆ ಕಾಕಾ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಇದು ಹೊಳೆದ ಮೇಲೆ ನನಗೆ ಅಲ್ಲಿ ಕೂಡಲಾಗಲಿಲ್ಲ.

ಹೇಳದೆ ಇದ್ದುಬಿಡಲೇ ಎಂಬ ಯೋಚನೆಯೂ ಬಂತು, ಅದನ್ನು ಮುಚ್ಚಿಡುವುದಿಲ್ಲ. ಡಾಕ್ಟರಿಗೆ ಹೇಳಿದರೆ, ಓದಿದವಳಾಗಿ ನೀನೇ ಹೀಗೆ ಮಾಡಿದೆಯಾ ಎಂಬ ಅವರ ನೋಟವನ್ನು ಎದುರಿಸಬೇಕು. ಕಾಕಾನ ಮರ್ಯಾದೆಯೂ ಹೋಗುತ್ತದೆ. ಹಾಸಿಗೆಯತ್ತ ನೋಡಿದೆ. ಹೊದಿಕೆಯ ಕೆಳಗೆ ಮನುಷ್ಯ ಇದ್ದಾರೋ ಇಲ್ಲವೋ ಅನ್ನುವಷ್ಟು ಚಪ್ಪಟೆಯಾಗಿ ಮಲಗಿದ್ದರು. ಓಡುತ್ತ ಡಾಕ್ಟರ ಕೋಣೆಗೆ ಹೋದೆ.

ಎಲ್ಲ ಹೇಳಿದೆ. ಡಾಕ್ಟರು ಬೈಯಲಿಲ್ಲ. ಪೆನ್ನು ಕೆಳಗಿಟ್ಟು ನಾಲ್ಕು ಡಬ್ಬಿ, ಒಂದು ತಿಂಗಳು ಎಂದು ತಮಗೇ ಹೇಳಿಕೊಂಡರು. ಹಾಗಾದರೆ ಔಷಧ ಸೋತಿಲ್ಲ, ಹೊಟ್ಟೆಗೇ ಹೋಗಿಲ್ಲ ಅಂದರು. ಅಪಾಯ ಕಳೆದಿಲ್ಲ, ಕರುಳು ತೂತು ಬೀಳುವ ಲಕ್ಷಣ ಕಂಡರೆ ಆ ಕ್ಷಣವೇ ಆಪರೇಶನ್. ಆದರೆ ಮುಂದೆ ಕೊಡಲು ಇನ್ನೂ ಔಷಧಗಳಿವೆ, ಗುರುವಾರವೇ ಕತ್ತರಿ ಎತ್ತಬೇಕಿಲ್ಲ, ಇನ್ನೆರಡು ದಿನ ಕಾಯುವ ಧೈರ್ಯ ಮಾಡಬಹುದು.

ನಾನು ಚೀಲದಿಂದ ಪ್ರೋಬಯೋಟಿಕ್ ಬಾಟ್ಲಿ ತೆಗೆದೆ. ಇದನ್ನಾದರೂ ಇವತ್ತಿನಿಂದ ಶುರುಮಾಡಲೇ ಎಂದು ಕೇಳಿದೆ. ಡಾಕ್ಟರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಡ್ರಾಯರಿನಲ್ಲಿಟ್ಟರು. ಕರುಳು ಹಸಿಗಾಯವಾಗಿದೆ, ಸ್ಟಿರಾಯ್ಡಿನಿಂದ ಮೈಯ ಕಾವಲು ಸಡಿಲವಾಗಿದೆ. ಇಂಥ ಹೊತ್ತಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾವೂ ರಕ್ತಕ್ಕೆ ಇಳಿದರೆ ಕಷ್ಟ ಅಂದರು. ನಿಂತಿದ್ದ ರೋಗ ತಿರುಗಿ ಬಿದ್ದದ್ದು ಮಾತ್ರೆ ತಪ್ಪಿದ್ದರಿಂದಲೇ ಹೊರತು ಈ ಕ್ಯಾಪ್ಸೂಲು ತಪ್ಪಿದ್ದರಿಂದ ಅಲ್ಲ ಎಂದೂ ಹೇಳಿದರು. ಸಹಾಯಕ್ಕೆಂದು ಬಂದದ್ದರ ಹೆಸರಿನಲ್ಲಿ ಮುಖ್ಯವಾದದ್ದೇ ಹೋಗಿತ್ತು.

ಗುರುವಾರ ಬೆಳಿಗ್ಗೆ ಕಾಕಾ ಎಚ್ಚರಾದಾಗ ನಾನು ತಪ್ಪೊಪ್ಪಿಕೊಂಡೆ. "ಕಾಕಾ, ಅದು ಮೊಸರಲ್ಲ. ಮಜ್ಜಿಗಿನೂ ಅಲ್ಲ. ಔಷಧ ಅದು. ನಿಮಗ ತಿಳಿಸಿ ಹೇಳೋ ತ್ರಾಸು ಬ್ಯಾಡಂತ ಹಂಗಂದೆ."

"ಔಷಧಕ್ಕ ವ್ರತ ಇಲ್ಲ, ತಂಗಿ," ಅಂದರು. ಧ್ವನಿ ಕೇಳಿಸುವಷ್ಟೂ ಇರಲಿಲ್ಲ. "ಶಾಸ್ತ್ರದಾಗ ಔಷಧಕ್ಕ ದೋಷ ಹೇಳಿಲ್ಲ. ಔಷಧ ಅಂದಿದ್ರ ಕಣ್ಣು ಮುಚ್ಚಿ ನುಂಗತಿದ್ದೆ."

ಮುದುಕರಿಗೆ ತಿಳಿಯುವುದಿಲ್ಲ ಎಂದು ನಾನು ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದ್ದೆ. ತಿಳಿಯದಿದ್ದವಳು ನಾನು. ಗೋಡೆಯ ಕಡೆ ತಿರುಗಿ ಅತ್ತೆ.

ಆ ದಿನ ಶ್ಯಾಮರಾಯರು ನೋಡಲು ಬಂದರು. ಅವರನ್ನು ಕಂಡೊಡನೆ ಕಾಕಾ ಏಳಲು ಹವಣಿಸಿದರು. ಅವರಿಗೆ ಸಾಯುವ ಅಂಜಿಕೆಗಿಂತ ಶ್ರಾದ್ಧ ಕೆಟ್ಟಿತೆಂಬ ಅಂಜಿಕೆಯೇ ದೊಡ್ಡದಿತ್ತು ಎಂದು ಆಗ ಗೊತ್ತಾಯಿತು.

"ರಾಯರ, ನಿಮ್ಮ ತಂದೀ ಶ್ರಾದ್ಧ ನಾ ಕೆಡಿಸಿದೆ. ರಕ್ತ ಬರ್ತಿತ್ತು, ಪಕ್ಷದಾಗ ಬ್ಯಾರೆ ಯಾರೂ ಸಿಗಂಗಿಲ್ಲಂತ ಗೊತ್ತಿದ್ದೂ ಕೂತೆ. ಆರು ಮನ್ಯಾಗ ಹಿಂಗs ಕೂತೀನಿ. ಎಲ್ಲಾರಿಗೂ ಹೇಳ್ರಿ, ಮತ್ತೊಮ್ಮೆ ಮಾಡಸ್ರಿ. ಆ ಪಿತೃಗಳೆಲ್ಲ ಹಸಿದು ಹೋಗ್ಯಾರ."

ಶ್ಯಾಮರಾಯರು ಸ್ಟೂಲು ಎಳೆದುಕೊಂಡು ಕೂತರು. "ಆಚಾರ್ರ, ನಮ್ಮಪ್ಪಗ ನಲವತ್ತು ವರ್ಷ ಮೂಲವ್ಯಾಧಿ ಇತ್ತು. ರಕ್ತ ಬರ್ತಿದ್ರೂ ಒಂದೊತ್ತು ಊಟ ಬಿಟ್ಟಾಂವಲ್ಲ. ಅಂವಾ ನಿಮ್ಮ ಮ್ಯಾಲೆ ಸಿಟ್ಟಾಗಂಗಿಲ್ಲ. ಅಂವಗs ಸರಿಯಾಗಿ ಗೊತ್ತು ನಿಮ್ಮ ಸಂಕಟ."

ಕಾಕಾ ನಗಲಿಲ್ಲ. ಕಾಕು ಮಾತ್ರ ಸೆರಗು ಬಾಯಿಗಿಟ್ಟುಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ.

ಆ ದಿನ ಹನ್ನೊಂದು ಬತ್ತಿ. ಶುಕ್ರವಾರ ಒಂಬತ್ತು. ಡಾಕ್ಟರು ಎಕ್ಸ್‌ರೇ ತೆಗೆಸಿದರು, ಸರ್ಜನ್ ಬಂದು ಹೊಟ್ಟೆ ಒತ್ತಿ ನೋಡಿ ಏನೂ ಹೇಳದೆ ಹೋದರು. ಅವರು ಹೇಳದೆ ಹೋದದ್ದಕ್ಕೇ ನಾವಿಬ್ಬರೂ ಅರ್ಧ ಸತ್ತೆವು. ಶನಿವಾರ ಐದು ಬತ್ತಿ. ಕಾಕು ಡಬ್ಬಿಯನ್ನು ಬಗ್ಗಿಸಿ ಬಗ್ಗಿಸಿ ನೋಡಿದಳು, ಎಲ್ಲಿ ಇಡಲು ಮರೆತೆನೋ ಎಂದು ಹೆದರಿ ಕಾಕಾನನ್ನೇ ಕೇಳಿ ಖಾತ್ರಿ ಮಾಡಿಕೊಂಡಳು. ಭಾನುವಾರ ಮೂರು, ಅದರಲ್ಲಿ ರಕ್ತ ಇರಲಿಲ್ಲ.

ಸರ್ವಪಿತೃ ಅಮಾವಾಸ್ಯೆಯ ದಿನ ಮನೆಗೆ ಕಳಿಸಿದರು. ಕರುಳು ಉಳಿದಿತ್ತು. ಡಾಕ್ಟರು ಇನ್ನು ಬ್ರಾಹ್ಮಣಾರ್ಥದ ಊಟ ಬೇಡ ಅಂದಿದ್ದರು. ಅವರು ಹೇಳದಿದ್ದರೂ ಕಾಕಾ ಬಿಡುವವರಿದ್ದರು. ಎಂದು ರಕ್ತ ಬಂದೀತೋ ಎಂಬ ಅನುಮಾನದ ಮೈಯನ್ನು ಇನ್ನೊಬ್ಬರ ಪಿತೃಗಳಿಗೆ ಕೊಡಲಾರೆ ಎಂದು ದಾರಿಯಲ್ಲಿ ರಿಕ್ಷಾದಲ್ಲೇ ಹೇಳಿದ್ದರು. ಡಬ್ಬಿಗಳಿಗೆ ಮಾತ್ರೆ ತುಂಬುತ್ತ ನಾನು ಕೋಣೆಯ ಮೂಲೆಯಲ್ಲಿ ಕೂತಿದ್ದೆ. ಕ್ಯಾಪ್ಸೂಲಿನ ಬಾಟ್ಲಿ ಇನ್ನೂ ಡಾಕ್ಟರ ಡ್ರಾಯರಿನಲ್ಲಿತ್ತು, ಗಾಯ ಮಾಯ್ದ ಮೇಲೆ ನೋಡೋಣ ಅಂದಿದ್ದರು.

ಕಾಕು ಎಲೆ ಹಾಕಿದಳು. ಮೆತ್ತಗೆ ಬೆಂದ ಅನ್ನ, ತೆಳ್ಳನೆಯ ತೊವ್ವೆ. ಕಾಕಾ ಮಣೆಯ ಮೇಲೆ ಕೂತು ನೀರು ಕೈಯಲ್ಲಿ ಹಿಡಿದವರು ಹಾಗೇ ಉಳಿದರು. ಪಿತೃಪಕ್ಷದ ಈ ದಿನ ಅವರು ತಮ್ಮ ಮನೆಯಲ್ಲಿ ಉಂಡದ್ದೇ ಇಲ್ಲ. ಉಂಡರೆ ಒಳಗೆ ಮತ್ತೆ ಏನಾದೀತೋ ಎಂಬ ಅಂಜಿಕೆ ಅವರ ಮುಖದ ಮೇಲಿತ್ತು, ಅದೇ ಅಂಜಿಕೆ ನಮ್ಮಿಬ್ಬರ ಮುಖದ ಮೇಲೂ ಇದ್ದಿರಬೇಕು.

"ಮೂವತ್ತು ವರ್ಷ ಮಂದಿ ಪಿತೃಗಳ ಸಲುವಾಗಿ ಉಂಡೆ," ಅಂದರು. "ಇವತ್ತ ಯಾರ ಸಲುವಾಗಿ ಉಣ್ಣಲಿ?"

ಕಾಕು ತೊವ್ವೆಯ ಸೌಟು ಹಿಡಿದು ನಿಂತಿದ್ದಳು. "ನನ್ನ ಸಲುವಾಗಿ ಉಣ್ರಿ," ಅಂದಳು. "ನಾ ಇನ್ನೂ ಜೀವಂತ ಇದ್ದೀನಿ."

ಕಾಕಾ ನೀರು ಬಿಟ್ಟು ತುತ್ತು ಎತ್ತಿದರು. ನಿಧಾನಕ್ಕೆ, ಒಂದೊಂದನ್ನೂ ಕಾಯುತ್ತ ಉಂಡರು. ನಾವು ತುತ್ತು ಎಣಿಸುತ್ತ ನೋಡಿದೆವು. ಎಲೆ ಬರಿದಾದ ಮೇಲೆ ಕಾಕು ಅಂಜುತ್ತಲೇ ಕೇಳಿದಳು, "ತೃಪ್ತಿ ಆತೇನ್ರಿ?"

ಕಾಕಾನ ತುಟಿ ರೂಢಿಯ ಮಾತಿಗೆ ತೆರೆದು ಅಲ್ಲೇ ನಿಂತಿತು. ತಲೆಯೆತ್ತಿ ಅವಳನ್ನು ನೋಡಿದರು.

"ಇಲ್ಲ," ಅಂದರು. "ಇನ್ನಷ್ಟು ಅನ್ನ ಹಾಕು."